ಸೂಸಾಫೋನಿನವರ ಎಡಮಂಡಿ

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಬೆಳಿಗ್ಗೆ ಏಳುವಾಗಲೇ ದಣಿದಿರುತ್ತಿದ್ದೆ. ಲಾಸ್ ಏಂಜಲಿಸ್‌ನ ದಕ್ಷಿಣದ ಕಡೆಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಮ್ಮ ವಿಭಾಗ ಇದ್ದದ್ದು ನೆಲಮಾಳಿಗೆಯಲ್ಲಿ. ಪಕ್ಕದಲ್ಲೇ ಲಾಂಡ್ರಿ, ಹಾಗಾಗಿ ವರ್ಷವಿಡೀ ಒದ್ದೆ ಬಟ್ಟೆಯ ಹಬೆ. ಪಾರ್ಶ್ವವಾಯು ಹೊಡೆದ ಭಾರೀ ಗಂಡಸರನ್ನು ಎಬ್ಬಿಸಿ ನಿಲ್ಲಿಸುವುದು, ತೊಡೆ ಮುರಿದವರಿಗೆ ಕೋಲು ಹಿಡಿದು ನಡೆಯಲು ಕಲಿಸುವುದು, ಸಂಜೆ ಕೂತು ಪ್ರತಿಯೊಬ್ಬರ ಫೈಲಿನಲ್ಲೂ ಕಾಲು ಎಷ್ಟು ಬಗ್ಗಿತು, ಎಷ್ಟು ಹೆಜ್ಜೆ ನಡೆದರು ಅಂತ ಬರೆಯುವುದು. ಬೇರೆಯವರ ಮೈ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ಮನೆಗೆ ಬಂದರೆ ಎರಡು ವರ್ಷದ ಮಗಳು, ಅನ್ನ, ಸಾರು, ಒಗೆಯದ ಬಟ್ಟೆ. ನಮ್ಮ ಯಜಮಾನರು ಎಂಜಿನಿಯರು, ಅವರೂ ದಣಿದೇ ಬರುತ್ತಿದ್ದರು. ಇಬ್ಬರೂ ದಣಿದಿರುವ ಮನೆಯಲ್ಲಿ ಜಗಳಕ್ಕೂ ತ್ರಾಣ ಇರುವುದಿಲ್ಲ. ಮೈಸೂರಿನಿಂದ ಅಮ್ಮ ‘ಅಲ್ಲಿ ಏನು ವಿಶೇಷ’ ಅಂತ ಕಾಗದ ಬರೆದರೆ ಏನು ಉತ್ತರ ಕೊಡುವುದೆಂದು ತಿಳಿಯದೆ ಬಿಸಿಲಿನ ವಿಷಯ ಬರೆದು ಕಳಿಸುತ್ತಿದ್ದೆ.

ಅಂಥ ಒಂದು ಆಗಸ್ಟಿನಲ್ಲಿ ಆ ಪೋಸ್ಟ್‌ಮ್ಯಾನ್ ಬಂದರು. ನಲವತ್ತು ದಾಟಿದ ಎತ್ತರದ ಕಪ್ಪು ಮನುಷ್ಯ. ಹೆಗಲು ಅಗಲ, ಮಾತು ಮೆಲ್ಲಗೆ. ಇಪ್ಪತ್ತು ವರ್ಷ ಚೀಲ ಹೊತ್ತು ಮನೆಮನೆಗೆ ಕಾಗದ ಹಂಚಿದ್ದರು. ಎಡಮಂಡಿಯ ಮೂಳೆಗಳ ನಡುವೆ ಇರುವ ಮೆತ್ತನೆಯ ಗಾದಿ ಹರಿದುಹೋಗಿ, ಸರ್ಜನ್ ಅದನ್ನು ತೆಗೆದುಹಾಕಿದ್ದರು. ಮೊದಲ ದಿನ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವರನ್ನೂ ಕೇಳಿದೆ: ‘ಈ ಕಾಲಿನಿಂದ ನಿಮಗೆ ಏನು ಮಾಡೋದಕ್ಕೆ ಆಗಬೇಕು?’ ಮೆಟ್ಟಿಲು ಹತ್ತಬೇಕು, ಕಾರು ಓಡಿಸಬೇಕು, ಸ್ನಾನಕ್ಕೆ ಯಾರ ಸಹಾಯವೂ ಬೇಡವಾಗಬೇಕು. ಸಾಮಾನ್ಯವಾಗಿ ಜನ ಹೇಳುವುದು ಇಂಥವೇ. ಇವರು ಮೇಜಿನ ಮೇಲೆ ಕೂತಿದ್ದವರು ಬಲಗಾಲನ್ನು ಎತ್ತಿದರು. ತೊಡೆ ನೆಲಕ್ಕೆ ಸಮನಾಗಿ ನಿಂತಿತು, ಪಾದ ನೇರ ಕೆಳಗೆ ಚೂಪಾಯಿತು.

‘ಇಷ್ಟು,’ ಅಂದರು. ‘ಎರಡೂ ಕಾಲು. ನಿಮಿಷಕ್ಕೆ ನೂರಿಪ್ಪತ್ತು ಸಲ. ಹತ್ತು ನಿಮಿಷ.’

ನಾನು ತಮಾಷೆ ಅಂದುಕೊಂಡೆ. ಅವರು ನಗಲಿಲ್ಲ. ‘ಹೆಗಲ ಮೇಲೆ ಒಂದು ಸೂಸಾಫೋನ್ ಇರುತ್ತೆ,’ ಅಂತ ಸೇರಿಸಿದರು.

ಸೂಸಾಫೋನ್ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಕೈಯಲ್ಲೇ ಗಾಳಿಯಲ್ಲಿ ಬಿಡಿಸಿ ತೋರಿಸಿದರು. ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಳ್ಳುವ ಹಿತ್ತಾಳೆಯ ಕೊಳವೆ, ತಲೆಯ ಮೇಲೆ ಬಾವಿಯಷ್ಟು ಅಗಲದ ಬಾಯಿ, ಒಂದು ಪುಟ್ಟ ಮಗುವಿನಷ್ಟು ಭಾರ. ಎಡಹೆಗಲ ಮೇಲೆ ಕೂರುತ್ತದೆ, ಅದರ ಭಾರವೆಲ್ಲ ಇಳಿಯುವುದು ಎಡಮಂಡಿಗೆ.

ಅವರು ಓದಿದ್ದು ಅಮೆರಿಕದ ದಕ್ಷಿಣದ ಒಂದು ರಾಜ್ಯದಲ್ಲಿ, ಕಪ್ಪು ಜನರಿಗಾಗಿಯೇ ಕಟ್ಟಿದ ಕಾಲೇಜಿನಲ್ಲಿ. ಬಿಳಿಯರ ಕಾಲೇಜುಗಳ ಬಾಗಿಲು ಇವರಿಗೆ ಮುಚ್ಚಿದ್ದ ಕಾಲದಿಂದ ಬಂದ ಕಾಲೇಜುಗಳು ಅವು. ಅಂಥ ಪ್ರತಿ ಕಾಲೇಜಿಗೂ ಒಂದು ಮಾರ್ಚಿಂಗ್ ಬ್ಯಾಂಡ್ ಇರುತ್ತದೆ. ಫುಟ್‌ಬಾಲ್ ಪಂದ್ಯದ ನಡುವಿನ ಬಿಡುವಿನಲ್ಲಿ, ಹಾಫ್‌ಟೈಮ್ ಅನ್ನುತ್ತಾರಲ್ಲ, ಆಗ ಬ್ಯಾಂಡು ಮೈದಾನಕ್ಕೆ ಇಳಿಯುತ್ತದೆ. ಇವರ ಕಾಲೇಜಿನ ತಂಡ ಅಕ್ಟೋಬರಿನಲ್ಲಿ ಲಾಸ್ ಏಂಜಲಿಸ್‌ಗೆ ಆಡಲು ಬರುವುದಿತ್ತು. ಬ್ಯಾಂಡೂ ಬಸ್ಸುಗಳಲ್ಲಿ ಬರುತ್ತದೆ. ಈ ಊರಲ್ಲಿ ನೆಲೆಸಿದ್ದ ಹಳೆಯ ವಿದ್ಯಾರ್ಥಿಗಳು ಹಾಫ್‌ಟೈಮಿನಲ್ಲಿ ಅವರ ಜೊತೆ ಸೇರಿ ನಡೆಯಬಹುದು ಅಂತ ಬ್ಯಾಂಡ್ ಮಾಸ್ಟರು ಕಾಗದ ಬರೆದಿದ್ದರಂತೆ.

‘ಏಳು ವಾರ ಇದೆ, ಮ್ಯಾಮ್,’ ಅಂದರು.

‘ಆಗಲ್ಲ,’ ಅಂದೆ. ‘ನಡೆಯೋದು ಆಗುತ್ತೆ. ಇದು ಆಗಲ್ಲ.’

‘ಸರಿ ಮ್ಯಾಮ್,’ ಅಂದರು ಅಷ್ಟೇ ವಿನಯದಿಂದ. ಮಾರನೆಯ ಸಲ ಬರುವಾಗ ಕಂಕುಳಲ್ಲಿ ಒಂದು ಕ್ಯಾಸೆಟ್ ಪ್ಲೇಯರ್ ಇಟ್ಟುಕೊಂಡು ಬಂದರು.

ವ್ಯಾಯಾಮ ಮಾಡುವಾಗ ಅದನ್ನು ಹಾಕುತ್ತಿದ್ದರು. ಯಾರೋ ಸ್ಟೇಡಿಯಮ್ಮಿನ ಕಟ್ಟೆಯ ಮೇಲೆ ಕೂತು ರೆಕಾರ್ಡ್ ಮಾಡಿದ್ದು. ನನಗೆ ಮೊದಲು ಕೇಳಿಸಿದ್ದು ಬರೀ ಹಿತ್ತಾಳೆಯ ಗದ್ದಲ. ಅದರ ಮೇಲೆ ಜನರ ಕೂಗು, ಯಾರೋ ಹೆಂಗಸು ‘ಮೇಲೆ! ಮೇಲೆ!’ ಅಂತ ಗಂಟಲು ಹರಿದುಕೊಳ್ಳುವುದು. ನನಗೆ ಬ್ಯಾಂಡ್ ಅಂದರೆ ನಮ್ಮೂರ ಮದುವೆಯ ಬ್ಯಾಂಡ್‌ಸೆಟ್, ಇಲ್ಲವೇ ಪಾರ್ಕಿನ ಮಂಟಪದಲ್ಲಿ ಸಂಜೆ ಗಂಭೀರವಾಗಿ ಕೂತು ನುಡಿಸುತ್ತಿದ್ದ ಪೊಲೀಸರು. ಇದು ಎರಡೂ ಅಲ್ಲ. ಕೆಲವು ದಿನ ಕಳೆದ ಮೇಲೆ ಆ ಗದ್ದಲದ ತಳದಲ್ಲಿ ಒಂದು ಆಳವಾದ ಸ್ವರ ನಡೆಯುತ್ತಿರುವುದು ಕಿವಿಗೆ ಬಿತ್ತು. ಮಹಡಿಯ ಮೇಲೆ ಯಾರೋ ದಪ್ಪ ಪೆಟ್ಟಿಗೆ ಎಳೆದ ಹಾಗೆ. ‘ಅದು ನಾವು,’ ಅಂದರು. ‘ಅದು ಇದೆ ಅಂತ ಯಾರಿಗೂ ಗೊತ್ತಾಗಲ್ಲ. ನಿಂತರೆ ಮಾತ್ರ ಗೊತ್ತಾಗುತ್ತೆ.’

ಲಾಂಡ್ರಿಯ ಹೆಂಗಸರು ಬಾಗಿಲಲ್ಲಿ ಬಂದು ನಿಲ್ಲತೊಡಗಿದರು. ಅವರಲ್ಲಿ ಅರ್ಧಕ್ಕರ್ಧ ಜನ ದಕ್ಷಿಣದಿಂದ ಬಂದವರೇ. ಒಬ್ಬಾಕೆ ಕ್ಯಾಸೆಟ್ಟಿನ ಒಂದು ನಿಮಿಷ ಕೇಳಿ ಅದು ಯಾವ ಕಾಲೇಜಿನ ಬ್ಯಾಂಡು ಅಂತ ಹೇಳಿಬಿಟ್ಟಳು. ಇನ್ನೊಬ್ಬಾಕೆ ತನ್ನ ಅಣ್ಣನ ಕಾಲೇಜಿನದು ಇದಕ್ಕಿಂತ ಸಾವಿರ ಪಾಲು ಮೇಲು ಅಂತ ಜಗಳಕ್ಕೆ ನಿಂತಳು. ಅವರಿಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಬ್ಯಾಂಡು ಅವರದೇ.

ಮೂರನೆಯ ವಾರಕ್ಕೆ ಕಾಲು ಚೆನ್ನಾಗಿ ಬಗ್ಗತೊಡಗಿತು. ನಾನು ಒಂದು ಒಪ್ಪಂದಕ್ಕೆ ಬಂದೆ. ‘ಬಲಗಾಲು ಪೂರ್ತಿ ಎತ್ತಿ, ಎಡಗಾಲು ಅರ್ಧ ಎತ್ತಿ. ಅಷ್ಟು ದೂರದಿಂದ ಯಾರಿಗೆ ಕಾಣುತ್ತೆ?’

ಅವರು ನನ್ನನ್ನು ಕರುಣೆಯಿಂದ ನೋಡಿದರು. ‘ಮ್ಯಾಮ್, ಈ ಭಾನುವಾರ ನಮ್ಮ ಪ್ರಾಕ್ಟೀಸ್ ನೋಡೋಕೆ ಬನ್ನಿ. ಯಾರಿಗೆ ಕಾಣುತ್ತೆ ಅಂತ ತೋರಿಸ್ತೀನಿ.’

ಆ ಭಾನುವಾರ ನಮ್ಮ ಕನ್ನಡದವರ ಮನೆಯೊಂದರಲ್ಲಿ ಭಜನೆ, ಊಟ ಇತ್ತು. ಆಗ ನಾವು ಇದ್ದದ್ದೇ ಹತ್ತು ಹನ್ನೆರಡು ಮನೆ, ಒಬ್ಬರು ಬರದಿದ್ದರೂ ಎದ್ದು ಕಾಣುತ್ತಿತ್ತು. ‘ಪೇಶೆಂಟ್ ಒಬ್ಬರು ಕರೆದಿದ್ದಾರೆ’ ಅಂತ ಆ ಮನೆಯವರಿಗೆ ಫೋನಿನಲ್ಲಿ ಹೇಳಿದೆ. ಎಲ್ಲಿ ಅಂತ ಕೇಳಿದರು. ಹೇಳಿದೆ. ‘ಆ ಕಡೆಯೆಲ್ಲ ಮಗು ಕರ್ಕೊಂಡು ಹೋಗಬೇಡಿ ಕಣ್ರೀ,’ ಅಂದರು. ನಾನು ಆ ಕಡೆಯೇ ದಿನಾ ಕೆಲಸಕ್ಕೆ ಹೋಗುವವಳು, ಅದು ಅವರಿಗೂ ಗೊತ್ತು. ಫೋನ್ ಇಟ್ಟುಬಿಟ್ಟೆ. ಮಗಳನ್ನು ಯಜಮಾನರ ಹತ್ತಿರ ಬಿಟ್ಟು ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ.

ಚರ್ಚಿನ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಇಪ್ಪತ್ತನಾಲ್ಕು ಜನ ಹಳೆಯ ವಿದ್ಯಾರ್ಥಿಗಳು ಇದ್ದರು. ಹಲ್ಲಿನ ಡಾಕ್ಟರು, ಸ್ಕೂಲ್ ಮೇಷ್ಟ್ರು, ಬಸ್ ಡ್ರೈವರು, ವಿಮಾನದ ಕಾರ್ಖಾನೆಯವರು. ಹೊಟ್ಟೆ ಬಂದವರು, ಕೂದಲು ಹೋದವರು. ಒಬ್ಬರ ಹಿತ್ತಾಳೆಯ ಕೊಂಬು ಕಿಲುಬು ಹಿಡಿದು ಹಸಿರಾಗಿತ್ತು. ಅವರ ಎದುರಿಗೆ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಮೂವತ್ತು ನಲವತ್ತು ಮಂದಿ ಕೂತಿದ್ದರು. ಹೆಂಗಸರೇ ಹೆಚ್ಚು. ಬೀಸಣಿಗೆ, ಕರಿದ ಕೋಳಿಯ ಪೊಟ್ಟಣ, ಐಸ್ ಹಾಕಿದ ಚಹಾ. ಬರೀ ಪ್ರಾಕ್ಟೀಸ್ ನೋಡಲು ಬಂದವರು! ಮುಂದಿನ ಸಾಲಿನ ಮಧ್ಯದಲ್ಲಿ ಎಪ್ಪತ್ತರ ಆಸುಪಾಸಿನ ಸಣಕಲು ಮುದುಕಿ. ಎಲ್ಲರೂ ಅವರನ್ನು ಮದರ್ ಅನ್ನುತ್ತಿದ್ದರು. ಊರಲ್ಲಿದ್ದಾಗ ಕಾಲೇಜಿನ ಬ್ಯಾಂಡಿನ ಯೂನಿಫಾರ್ಮುಗಳಿಗೆ ಗುಂಡಿ ಹೊಲಿದು ಜೀವನ ಮಾಡಿದವರಂತೆ.

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಗೆ ಒಂದು ಲೋಟ ಚಹಾ ಕೊಟ್ಟರು. ‘ಫುಟ್‌ಬಾಲ್ ಗೊತ್ತಾ ನಿಂಗೆ?’

‘ಇಲ್ಲ.’

‘ಒಳ್ಳೇದಾಯ್ತು. ಅದು ಗೊತ್ತಿರಬೇಕಾದ್ದಿಲ್ಲ. ಆಟದಲ್ಲಿ ನಾವು ಸೋತಿದೀವಿ, ಬೇಕಾದಷ್ಟು ಸಲ ಸೋತಿದೀವಿ. ಹಾಫ್‌ಟೈಮಲ್ಲಿ ಸೋತ್ರೆ ಮಾತ್ರ ಸೋಮವಾರ ಯಾರೂ ಮನೆಯಿಂದ ಆಚೆ ಬರ್ತಿರ್ಲಿಲ್ಲ.’

ಡ್ರಮ್ ಶುರುವಾಯಿತು. ಇಪ್ಪತ್ತನಾಲ್ಕು ಬಲಮಂಡಿಗಳು ಒಟ್ಟಿಗೆ ಎದ್ದವು. ಆಮೇಲೆ ಇಪ್ಪತ್ತನಾಲ್ಕು ಎಡಮಂಡಿ. ಪಕ್ಕದಲ್ಲಿದ್ದ ಮುದುಕಿ ಬೀಸಣಿಗೆಯ ಹಿಡಿಕೆ ಎತ್ತಿ ನೇರ ನನ್ನ ಪೇಶೆಂಟಿನ ಕಡೆ ತೋರಿಸಿದರು. ‘ಮೂರನೇ ಸಾಲು, ಕೊನೇ ಸೂಸಾಫೋನು. ಎಡಗಾಲು ಸೋಮಾರಿ!’ ನನ್ನ ಪೇಶೆಂಟು ಅಲ್ಲಿಂದಲೇ ನನ್ನ ಕಡೆ ತಿರುಗಿ, ಕೊಂಬಿನ ಬಾಯಿಯಿಂದ ತುಟಿ ತೆಗೆಯದೆ, ಹುಬ್ಬು ಮಾತ್ರ ಹಾರಿಸಿದರು.

ಐದನೆಯ ವಾರ ಬುಧವಾರ ಅವರು ಕುಂಟುತ್ತಾ ಬಂದರು. ಪ್ಯಾಂಟು ಮಡಚಿದರೆ ಮಂಡಿ ಕುಂಬಳಕಾಯಿಯಷ್ಟು ಊದಿತ್ತು. ಕೈ ಇಟ್ಟರೆ ಸುಡುತ್ತಿತ್ತು. ವಿಚಾರಿಸಿದರೆ ತಲೆ ತಗ್ಗಿಸಿಕೊಂಡು ಹೇಳಿದರು: ಪ್ರತಿ ಸಂಜೆ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಸೂಸಾಫೋನ್ ಹೊತ್ತು, ನಿಂತಲ್ಲೇ ಪೂರ್ತಿ ಹತ್ತು ನಿಮಿಷ.

ಅವತ್ತು ನನ್ನ ಜೊತೆಯ ಕೆಲಸದವಳು ರಜೆ. ಅವಳ ಪೇಶೆಂಟುಗಳೂ ನನ್ನ ತಲೆಗೇ ಬಿದ್ದಿದ್ದರು. ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ನನಗೆ ಸಿಟ್ಟು ಬಂತು.

‘ನನ್ನ ಐದು ವಾರದ ಕೆಲಸ ಹಾಳು ಮಾಡಿದ್ರಿ. ನಾಳೆ ಈ ಕಾಲು ಹೋದ್ರೆ ಬ್ಯಾಂಡಿನವರು ಬಂದು ನಿಮ್ಮ ಚೀಲ ಹೊರ್ತಾರಾ? ಹತ್ತು ನಿಮಿಷದ ಹುಚ್ಚಿಗೆ ಇಷ್ಟೆಲ್ಲ ಬೇಕಾ?’

ನಾನು ಐಸ್ ಕಟ್ಟಿದೆ. ಇಪ್ಪತ್ತು ನಿಮಿಷ ಹಾಗೇ ಕೂರಬೇಕಿತ್ತು. ಲಾಂಡ್ರಿಯ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು. ಕೊನೆಗೆ ಅವರೇ ಮಾತು ತೆಗೆದರು.

‘ಮ್ಯಾಮ್, ನೀವು ತುಂಬಾ ಸುಸ್ತಾಗಿದೀರಿ.’

‘ಹೌದು,’ ಅಂದೆ. ಸುಳ್ಳು ಹೇಳಿ ಏನು ಪ್ರಯೋಜನ.

‘ನಾನೂ ಅಷ್ಟೇ. ಕಾಗದ ಹಂಚೋ ರೂಟಿನ ಮೇಲೆ ನಡೆಯುವಾಗ ನನ್ನ ಸುಸ್ತು ನನ್ನೊಬ್ಬಂದೇ. ಮನೆಗೆ ಹೋದ್ರೆ ಹೆಂಡತಿಯ ಸುಸ್ತು ಅವಳದು, ನನ್ನದು ನನ್ನದು. ಆದ್ರೆ ಅಲ್ಲಿ, ಆ ಸಾಲಿನಲ್ಲಿ… ಕಾಲೇಜಿನಲ್ಲಿ ಆಗಸ್ಟ್ ತಿಂಗಳ ಬಿಸಿಲಲ್ಲಿ ದಿನಕ್ಕೆ ಎಂಟು ಗಂಟೆ ನಡೆಸ್ತಿದ್ರು. ವಾಂತಿ ಮಾಡ್ಕೊಂಡು ಮತ್ತೆ ಬಂದು ನಿಲ್ತಿದ್ವಿ. ಎಡಗಡೆಯವನೂ ಸಾಯ್ತಿರ್ತಾನೆ, ಬಲಗಡೆಯವನೂ ಸಾಯ್ತಿರ್ತಾನೆ. ಆಗ ಅದು ಯಾರ ಸುಸ್ತೂ ಅಲ್ಲ. ಅಷ್ಟು ಹಗುರ ನನಗೆ ಆಮೇಲೆ ಯಾವತ್ತೂ ಆಗಲಿಲ್ಲ.’

ನಾನು ಐಸ್ ಸರಿಮಾಡಿದೆ. ಫೈಲಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದೆ: ಊತ ಇದೆ, ಬ್ಯಾಂಡಿನಲ್ಲಿ ನಡೆಯುವುದು ಬೇಡವೆಂದು ಸ್ಪಷ್ಟವಾಗಿ ಹೇಳಲಾಗಿದೆ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ಸರ್ಜನ್ ಕೂಡ ಬೇಡವೆಂದೇ ಹೇಳಿದರು. ಪೋಸ್ಟ್‌ಮ್ಯಾನ್ ಎಲ್ಲವನ್ನೂ ಕೇಳಿಸಿಕೊಂಡು, ‘ಹಾಗಾದ್ರೆ ಹೇಗೆ ಮಾಡಿದ್ರೆ ಕಡಿಮೆ ಕೆಡುತ್ತೆ, ಅದನ್ನ ಹೇಳ್ಕೊಡಿ,’ ಅಂದರು.

ನಾನು ಹೇಳಿಕೊಟ್ಟೆ. ಅದು ಸರಿಯೋ ತಪ್ಪೋ ಈವತ್ತಿಗೂ ಗೊತ್ತಿಲ್ಲ. ನಾನು ಕಲಿಸದಿದ್ದರೂ ಅವರು ಹೋಗುತ್ತಿದ್ದರು ಅಂತ ನನಗೆ ನಾನೇ ಹೇಳಿಕೊಂಡೆ. ಕಾಲು ಇಳಿಸುವಾಗ ಹಿಮ್ಮಡಿ ಕುಕ್ಕದೆ ಬೆರಳಿನ ಮೇಲೆ ಇಳಿಸುವುದು, ತೊಡೆಯ ಮೇಲಿನ ಸ್ನಾಯುವಿನಿಂದ ಎತ್ತುವುದು, ಮಂಡಿಯ ಮೇಲೆ ಕೆಳಗೆ ಪಟ್ಟಿ ಸುತ್ತುವುದು. ಗ್ಯಾರೇಜಿನ ಪ್ರಾಕ್ಟೀಸ್ ನಿಲ್ಲಿಸಿದರು. ಊತ ಇಳಿಯಿತು.

ಪಂದ್ಯದ ದಿನ ಶನಿವಾರ. ನಾನೇ ಬಂದು ಪಟ್ಟಿ ಸುತ್ತುತ್ತೇನೆ ಅಂತ ಬಾಯಿ ತಪ್ಪಿ ಅಂದಿದ್ದೆ. ಯಜಮಾನರು ಗೊಣಗುತ್ತಾ ಡ್ರೈವ್ ಮಾಡಿದರು. ‘ವಾರಕ್ಕೆ ಒಂದು ದಿನ ಮಲಗೋಕೆ ಸಿಗುತ್ತೆ. ನಿನಗೆ ಅದೂ ಬೇಡ.’ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ಸ್ಟೇಡಿಯಮ್ಮಿನ ಹೊರಗೆ ಕಾರುಗಳ ಡಿಕ್ಕಿ ತೆಗೆದಿಟ್ಟು ಜನ ಅಡುಗೆ ಮಾಡುತ್ತಿದ್ದರು. ಕಾಲೇಜಿನ ಬಣ್ಣದ ಟೋಪಿ, ಕಾಲೇಜಿನ ಬಣ್ಣದ ಬೂಟು. ಅಂಥ ಸೆಕೆಯಲ್ಲಿ ಒಬ್ಬಾಕೆ ತುಪ್ಪಳದ ಕೋಟು ಹಾಕಿಕೊಂಡಿದ್ದಳು. ನನ್ನ ಸೀರೆ ನೋಡಿ ಯಾರೋ ‘ಅಮ್ಮಾ, ನೀವು ಯಾವ ಬ್ಯಾಂಡಿನ ಕಡೆ?’ ಅಂತ ಕೂಗಿದರು. ಪೋಸ್ಟ್‌ಮ್ಯಾನಿನ ಕಾಲೇಜಿನ ಹೆಸರು ಹೇಳಿದ್ದಕ್ಕೆ ಒಂದು ಕಡೆಯಿಂದ ಕೇಕೆ, ಇನ್ನೊಂದು ಕಡೆಯಿಂದ ಅಯ್ಯೋ ಪಾಪ.

ಒಳಗೆ, ಮೈದಾನಕ್ಕೆ ಇಳಿಯುವ ಸುರಂಗದಲ್ಲಿ ಕಾಲೇಜಿನ ಮಕ್ಕಳು ಕಾಯುತ್ತಿದ್ದರು. ಎರಡು ಹಗಲು ಎರಡು ರಾತ್ರಿ ಬಸ್ಸಿನಲ್ಲಿ ಬಂದು ಚರ್ಚಿನ ನೆಲದ ಮೇಲೆ ಮಲಗಿದ್ದವರು. ದಪ್ಪ ಉಣ್ಣೆಯ ಯೂನಿಫಾರ್ಮಿನಲ್ಲಿ, ಎತ್ತರದ ಗರಿಯ ಟೋಪಿ ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಒರಗಿ ಸಾಲಾಗಿ ನಿದ್ದೆ ಹೋಗಿದ್ದರು. ಟ್ರಾಂಬೋನ್ ಊದುವ ಹುಡುಗಿಯೊಬ್ಬಳ ತುಟಿ ಒಡೆದು ರಕ್ತ ಕರೆಗಟ್ಟಿತ್ತು. ಆಸ್ಪತ್ರೆಯ ವಾರ್ಡಿನಲ್ಲೂ ನಾನು ಅಷ್ಟು ದಣಿದ ಮುಖಗಳನ್ನು ಒಟ್ಟಿಗೆ ಕಂಡಿರಲಿಲ್ಲ. ನಾನು ನೆಲದ ಮೇಲೆ ಕೂತು ನನ್ನ ಪೇಶೆಂಟಿನ ಎಡಮಂಡಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ಅವರ ಹೆಂಡತಿ ಪಕ್ಕದಲ್ಲಿ ಸೂಸಾಫೋನಿನ ಬಾಯಿ ಒರೆಸುತ್ತಾ ನಿಂತಿದ್ದರು. ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. ಗಂಡನನ್ನು ಕರೆದೊಯ್ಯಲು ಆಸ್ಪತ್ರೆಗೆ ಬಂದಾಗ ಅವರನ್ನು ಒಂದೆರಡು ಸಲ ನೋಡಿದ್ದೆ ಅಷ್ಟೇ.

‘ಬಿಗಿ ಸಾಕಾ?’ ಅಂತ ಕೇಳಿದೆ.

‘ಸಾಕು ಮ್ಯಾಮ್.’

‘ನೋವಾದ್ರೆ ನಿಲ್ಲಿಸಬೇಕು.’

‘ಸರಿ ಮ್ಯಾಮ್,’ ಅಂದರು. ಇಬ್ಬರಿಗೂ ಗೊತ್ತಿತ್ತು, ಅದು ಬರೀ ಮಾತು.

ಒಂದು ಶಿಳ್ಳೆ. ಗೋಡೆಗೆ ಒರಗಿದ್ದ ಮಕ್ಕಳು ಎದ್ದು ನಿಂತರು. ನಿಂತ ಕ್ಷಣದಿಂದ ಅವರು ಬೇರೆಯೇ ಜನ.

ನಾನು ಮೇಲೆ ಹೋಗಿ ಮದರ್ ಪಕ್ಕದಲ್ಲಿ ಕೂತೆ. ನನ್ನ ಇನ್ನೊಂದು ಪಕ್ಕದಲ್ಲಿ ಪೇಶೆಂಟಿನ ಹೆಂಡತಿ, ಹಿಂದೆ ಮಗಳನ್ನು ಎತ್ತಿಕೊಂಡ ನಮ್ಮ ಯಜಮಾನರು. ನನಗೆ ಅಚ್ಚರಿಯಾದ ಸಂಗತಿ, ಆಟ ನಡೆಯುವಾಗ ಅತ್ತಿತ್ತ ಓಡಾಡಿಕೊಂಡು ತಿಂಡಿ ಕೊಳ್ಳುತ್ತಿದ್ದ ಜನ ಹಾಫ್‌ಟೈಮ್ ಆಗುತ್ತಿದ್ದಂತೆ ಓಡೋಡಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಸ್ಟೇಡಿಯಮ್ ಒಂದು ನಿಮಿಷ ಉಸಿರು ಹಿಡಿಯಿತು. ಡ್ರಮ್ ಮೇಜರ್, ಅಂದರೆ ಬ್ಯಾಂಡಿನ ಮುಂದಾಳು, ಒಬ್ಬನೇ ಮಧ್ಯಕ್ಕೆ ಓಡಿಬಂದು, ಸೊಂಟದಿಂದ ಹಿಂದಕ್ಕೆ ಬಾಗಿದ. ಟೋಪಿಯ ಗರಿ ಹುಲ್ಲಿಗೆ ತಾಗುವ ತನಕ. ಫಿಸಿಯೋಥೆರಪಿಸ್ಟಾಗಿ ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಎದ್ದು ನಿಂತಿದ್ದ ಜನರೆಲ್ಲ ಚಪ್ಪಾಳೆ ತಟ್ಟಿ ಮತ್ತೆ ಕೂರುತ್ತಿದ್ದರು.

ಬ್ಯಾಂಡು ಬಂತು. ನೂರಕ್ಕೂ ಹೆಚ್ಚು ಮಂಡಿ ಒಟ್ಟಿಗೆ ಏಳುವುದು, ಒಟ್ಟಿಗೆ ಇಳಿಯುವುದು. ಆ ಸದ್ದು ಕಿವಿಗಲ್ಲ, ನಾವು ಕೂತ ಸಿಮೆಂಟಿಗೆ ಬರುತ್ತಿತ್ತು. ಆಮೇಲೆ ಹಳೆಯ ವಿದ್ಯಾರ್ಥಿಗಳು ಬದಿಯಿಂದ ಸೇರಿಕೊಂಡರು. ಬಿಳಿ ಶರ್ಟು, ಕಪ್ಪು ಪ್ಯಾಂಟು. ಹೊಳೆಯುವ ಯೂನಿಫಾರ್ಮಿನ ನಡುವೆ ಅವರು ನಮ್ಮ ಆಫೀಸುಗಳ ಗುಮಾಸ್ತರ ಹಾಗೆ ಕಾಣುತ್ತಿದ್ದರು. ನನ್ನ ಕಣ್ಣು ಒಂದೇ ಕಾಲಿನ ಮೇಲೆ. ಎದ್ದಿತು. ಪೂರ್ತಿ. ಇಳಿಯಿತು. ಮತ್ತೆ ಎದ್ದಿತು. ನಾನು ಆಸ್ಪತ್ರೆಯ ಅಭ್ಯಾಸದಂತೆ ಎಣಿಸುತ್ತಾ ಹೋದೆ. ನೂರು ದಾಟಿತು. ನನ್ನ ಸುತ್ತ ಎಲ್ಲರೂ ಕೂಗುತ್ತಿದ್ದರು. ಯಾರು ಏನು ಕೂಗುತ್ತಿದ್ದಾರೆ ಅಂತ ತಿಳಿಯುತ್ತಿರಲಿಲ್ಲ. ನಾನೂ ಏನೋ ಕೂಗಿರಬೇಕು, ಏಕೆಂದರೆ ಮಾರನೆಯ ದಿನ ನನ್ನ ಗಂಟಲು ಕಟ್ಟಿತ್ತು.

ಕೊನೆಯ ತಿರುವಿನಲ್ಲಿ ಕಾಲು ಕೈಕೊಟ್ಟಿತು. ಎಡಮಂಡಿ ಒಳಕ್ಕೆ ಹೊರಳಿದ್ದು ನನಗೆ ಕೂತಲ್ಲಿಂದಲೇ ಕಂಡಿತು. ಅವರು ಒಂದು ಮಂಡಿಯ ಮೇಲೆ ಕುಸಿದರು. ಸೂಸಾಫೋನಿನ ದೊಡ್ಡ ಬಾಯಿ ಒಂದು ಸಲ ಆಕಾಶ ನೋಡಿತು. ಆಚೀಚೆಯ ಇಬ್ಬರು ಹೆಜ್ಜೆ ತಪ್ಪಿಸದೆ ಮೊಳಕೈ ಕೊಟ್ಟು ಎತ್ತಿದರು. ಮೂವರೂ ಅಂಟಿಕೊಂಡ ಹಾಗೆ ಮೈದಾನದ ಅಂಚಿನ ತನಕ ನಡೆದರು. ಕೊಂಬು ಅವರ ತುಟಿ ಬಿಡಲಿಲ್ಲ.

ಮದರ್ ಬೀಸಣಿಗೆ ಕೆಳಗಿಟ್ಟರು. ‘ಕೊನೇಲಿ ಎಡಗಾಲು ನಾಲ್ಕು ಸಲ ಸೊಂಟಕ್ಕೆ ಬರಲಿಲ್ಲ,’ ಅಂದರು. ಅದನ್ನು ಮತ್ತೆ ಎತ್ತಿಕೊಂಡು, ‘ಆದ್ರೆ ಸ್ವರ ಬಿಡಲಿಲ್ಲ,’ ಅಂದರು.

ನಾನು ಕೆಳಗೆ ಓಡಿದೆ. ಸುರಂಗದಲ್ಲಿ ಅವರನ್ನು ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕೂರಿಸಿದ್ದರು. ಮುಖ ಬೂದಿಯಾಗಿತ್ತು, ಬೆವರು ಧಾರೆ. ಮಂಡಿ ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು, ಇದು ಐಸಿಗೆ ಬಗ್ಗುವ ಕೆಲಸವಲ್ಲ. ಅವರು ನನ್ನ ಕಡೆ ನೋಡಿ ನಗಲು ಪ್ರಯತ್ನಿಸಿದರು. ‘ಎಷ್ಟು?’ ಅಂತ ಕೇಳಿದರು. ಮದರ್ ಎಷ್ಟು ತಪ್ಪು ಎಣಿಸಿದರು ಅಂತ. ನಾಲ್ಕು ಅಂದೆ. ‘ಅಷ್ಟೇನಾ,’ ಅಂದರು.

ಎರಡನೆಯ ಆಪರೇಷನ್ ಆಯಿತು. ಆದರೂ ಆ ಕಾಲು ಚೀಲ ಹೊರುವ ಕಾಲಾಗಿ ಉಳಿಯಲಿಲ್ಲ. ಅಂಚೆ ಕಚೇರಿಯವರು ಅವರನ್ನು ಒಳಗೆ ಕಾಗದ ವಿಂಗಡಿಸುವ ಕೆಲಸಕ್ಕೆ ಹಾಕಿದರು. ದಿನವಿಡೀ ಸ್ಟೂಲಿನ ಮೇಲೆ ಕೂತು ಗೂಡುಗಳಿಗೆ ಕಾಗದ ತುರುಕುವುದು. ತಮ್ಮ ರೂಟಿನ ಮನೆಗಳನ್ನು, ಬಾಗಿಲಲ್ಲಿ ಕಾಯುತ್ತಿದ್ದ ಮುದುಕರನ್ನು, ಒಂದೆರಡು ನಾಯಿಗಳನ್ನು ಸಹ ಅವರು ನೆನೆಸಿಕೊಳ್ಳುತ್ತಿದ್ದರು. ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಹಗುರವಾಗುತ್ತಿತ್ತೇನೋ.

ಹೊರಿಸಿದವರು ಅವರ ಹೆಂಡತಿ. ಆಪರೇಷನ್ನಿನ ಮೂರನೆಯ ದಿನ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. ದನಿ ಏರಿಸಲಿಲ್ಲ.

‘ನನ್ನ ಮಾತು ಅವರು ಕೇಳಲ್ಲ. ನೀವು ಗಟ್ಟಿಯಾಗಿ ಬೇಡ ಅಂದಿದ್ರೆ ಕೇಳ್ತಿದ್ರು.’

‘ಬೇಡ ಅಂತ ಹೇಳಿದ್ದೆ,’ ಅಂದೆ.

‘ಹೇಳಿದ್ರಿ. ಆಮೇಲೆ ಬಂದು ಪಟ್ಟಿ ಸುತ್ತಿದ್ರಿ.’

ಆವತ್ತು ಸಂಜೆ ಕಾರಿನಲ್ಲಿ ಕೂತವಳು ಸ್ಟಾರ್ಟ್ ಮಾಡಲು ಕೈ ಬಾರದೆ ಬಹಳ ಹೊತ್ತು ಹಾಗೇ ಕೂತಿದ್ದೆ. ಯಜಮಾನರಿಗೆ ಹೇಳಿದಾಗ ಅವರು ‘ನೀನು ಡಾಕ್ಟರ್ ಅಲ್ಲ, ದೇವರೂ ಅಲ್ಲ. ಬಿಡು,’ ಅಂದರು. ಬಿಡುವುದು ಅಷ್ಟು ಸುಲಭವಾಗಿರಲಿಲ್ಲ. ಆಮೇಲೆ ಯಾವ ಪೇಶೆಂಟ್ ಏನು ಆಸೆ ಹೇಳಿಕೊಂಡರೂ ನಾನು ಅಳೆದು ಸುರಿದು, ಅರ್ಧಕ್ಕೆ ಇಳಿಸಿ ಫೈಲಿನಲ್ಲಿ ಬರೆಯತೊಡಗಿದೆ. ಜನ ಕ್ಷೇಮವಾಗಿ ಮನೆಗೆ ಹೋಗುತ್ತಿದ್ದರು. ಯಾರ ಮುಖದಲ್ಲೂ ಮೈದಾನದಲ್ಲಿ ಕಂಡಂಥ ಬೆಳಕು ಇರುತ್ತಿರಲಿಲ್ಲ. ನನ್ನ ಮುಖದಲ್ಲಂತೂ ಮೊದಲೇ ಇರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಯಜಮಾನರಿಗೆ ಸ್ಯಾನ್ ಡಿಯೇಗೋದ ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಸಿಕ್ಕಿತು. ನಾವು ಅಲ್ಲಿಗೆ ಹೋದೆವು. ಡೆಲ್ ಮಾರ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ. ಟೆನಿಸ್ ಆಡಿ ಮೊಳಕೈ ನೋಯಿಸಿಕೊಂಡವರು, ಬೀಚಿನಲ್ಲಿ ಓಡಿ ಹಿಮ್ಮಡಿ ಕೆಡಿಸಿಕೊಂಡವರು. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಕೆಲಸ ಹಗುರ, ಆದರೆ ಸೊಂಟ ಆಗಲೇ ಕೆಟ್ಟಿತ್ತು. ಪೋಸ್ಟ್‌ಮ್ಯಾನ್ ಪ್ರತಿ ವರ್ಷ ಚಳಿಗಾಲದ ಹೊತ್ತಿಗೆ ಒಂದು ಕ್ಯಾಸೆಟ್ ಅಂಚೆಯಲ್ಲಿ ಕಳಿಸುತ್ತಿದ್ದರು. ಊರಿನ ಯಾರೋ ರೆಕಾರ್ಡ್ ಮಾಡಿದ್ದು. ಪತ್ರ ಇರುತ್ತಿರಲಿಲ್ಲ, ಮೇಲೆ ಪೆನ್ನಿನಲ್ಲಿ ಎರಡು ಸಾಲು: ಈ ವರ್ಷ ಡ್ರಮ್ ಚೆನ್ನಾಗಿದೆ, ಕ್ಲಾರಿನೆಟ್ ಪೂರ್ತಿ ಹಾಳು. ಕೆಲಸಕ್ಕೆ ಡ್ರೈವ್ ಮಾಡುವಾಗ ಹಾಕುತ್ತಿದ್ದೆ. ಮಗಳು ಕಿವಿ ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ರಗಳೆ ಮಾಡುತ್ತಿದ್ದಳು. ಆದರೂ ಅವಳ ಕಾಲು ಡ್ಯಾಶ್‌ಬೋರ್ಡಿಗೆ ತಾಳ ಹಾಕುತ್ತಿತ್ತು.

ಒಂದು ವರ್ಷ ಕ್ಯಾಸೆಟ್ಟಿನ ಬದಲು ಅವರ ಫೋನ್ ಬಂತು. ಸ್ಯಾನ್ ಡಿಯೇಗೋದ ಆಗ್ನೇಯ ಭಾಗದಲ್ಲಿ ದಕ್ಷಿಣದವರು ಬಹಳ ಜನ ಇದ್ದರು. ನೌಕಾಪಡೆಗೆ ಅಂತ ಬಂದು ನಿವೃತ್ತರಾಗಿ ಅಲ್ಲೇ ಉಳಿದವರು. ಅವರೆಲ್ಲ ಒಂದು ಹಾಲ್‌ನಲ್ಲಿ ಸೇರಿ ಟೀವಿ, ವಿ.ಸಿ.ಆರ್. ಇಟ್ಟು ಬ್ಯಾಂಡುಗಳ ವಿಡಿಯೋ ನೋಡುತ್ತಾರೆ, ನಾವೂ ರೈಲಿನಲ್ಲಿ ಬರ್ತಿದೀವಿ, ನೀವು ಬರಲೇಬೇಕು ಅಂದರು. ‘ನಿಮ್ಮ ಮನೆಯವರು?’ ಅಂತ ಕೇಳಿದೆ. ‘ಅವಳೇ ಫೋನ್ ಮಾಡು ಅಂದಿದ್ದು,’ ಅಂದರು.

ಹೋದೆ. ಮಧ್ಯಾಹ್ನದ ಹೊತ್ತು, ನೂರು ಜನ, ಒಂದೇ ಟೀವಿ. ಯಾರೋ ಪುಣ್ಯಾತ್ಮರು ಆಟವನ್ನೆಲ್ಲ ಅಳಿಸಿ ಹಾಫ್‌ಟೈಮುಗಳನ್ನು ಮಾತ್ರ ಒಂದರ ಹಿಂದೆ ಒಂದು ಜೋಡಿಸಿದ್ದರು. ಏಳೆಂಟು ಕಾಲೇಜುಗಳವರು ಏಳೆಂಟು ಗುಂಪಾಗಿ ಕೂತು ಒಬ್ಬರನ್ನೊಬ್ಬರು ಹಂಗಿಸುತ್ತಿದ್ದರು. ನನ್ನ ಪೇಶೆಂಟು ಮುಂದಿನ ಸಾಲಿನಲ್ಲಿ, ಎಡಗಾಲನ್ನು ನೀಟಾಗಿ ಚಾಚಿಕೊಂಡು, ಕೋಲನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಮದರ್ ತೀರಿಕೊಂಡು ಮೂರು ವರ್ಷವಾಗಿತ್ತಂತೆ. ಈಗ ಎಲ್ಲರೂ ತೀರ್ಪಿಗೆ ಇವರ ಮುಖ ನೋಡುತ್ತಿದ್ದರು. ‘ಎರಡನೇ ಸಾಲಿನವನು ನಿದ್ದೆ ಮಾಡ್ತಿದಾನೆ! ಹಿಂದಕ್ಕೆ ಹಾಕಿ, ಇನ್ನೊಂದು ಸಲ ನೋಡಿ!’ ಅಂತ ಕೂಗುತ್ತಿದ್ದರು. ಮೆಲ್ಲಗೆ ಮಾತಾಡುವ ಆ ಮನುಷ್ಯನೇ ಇವರು ಅಂತ ನಂಬಿಕೆಯಾಗಲಿಲ್ಲ.

ಅವರ ಹೆಂಡತಿ ಒಂದು ತಟ್ಟೆಯಲ್ಲಿ ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು. ‘ಮಾಂಸ ಹಾಕಿಲ್ಲ. ನಿಮಗೆ ಅಂತ ಬೇರೆ ಮಾಡಿದ್ದು,’ ಅಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸ್ವಲ್ಪ ಹೊತ್ತು ಇಬ್ಬರೂ ಟೀವಿ ನೋಡಿದೆವು.

‘ಅವತ್ತು ಆಸ್ಪತ್ರೆಯಲ್ಲಿ ನಿಮಗೆ ಒಂದು ಮಾತು ಅಂದೆ,’ ಅಂದರು.

‘ನೀವು ಅಂದದ್ದು ತಪ್ಪಲ್ಲ.’

‘ತಪ್ಪಲ್ಲ. ಪೂರ್ತಿ ಸರೀನೂ ಅಲ್ಲ.’ ಅವರು ಮಡಿಲಿನ ನ್ಯಾಪ್ಕಿನ್ನನ್ನು ನಾಲ್ಕಾಗಿ ಮಡಚಿದರು. ‘ಕೊನೇ ತಿರುವಿಗೆ ಮುಂಚೆ ಅವರು ಕಾಲು ತಗ್ಗಿಸಿದ್ರು. ನೀವು ನೋಡಿದ್ರಾ? ಉಳಿಸ್ಕೊಂಡು ಆಚೆ ಹೋಗಿಬಿಡೋಣ ಅಂತ ತಗ್ಗಿಸಿದ್ರು. ಆಗ ನಾನು ಎದ್ದು ನಿಂತು ಕೂಗಿದೆ. ಮೇಲೆ ಅಂತ. ಹೆಸರು ಹಿಡಿದು ಕೂಗಿದೆ. ಅಷ್ಟು ಸಾವಿರ ಜನರ ನಡುವೆ ನನ್ನ ಗಂಟಲು ಅವರಿಗೆ ಕೇಳಿಸ್ತು. ಅದಕ್ಕೇ ಎತ್ತಿದ್ರು.’

ನಾನು ಅವರ ಪಕ್ಕದಲ್ಲೇ ಕೂತಿದ್ದೆ ಅವತ್ತು. ನನಗೆ ಕೇಳಿಸಿರಲಿಲ್ಲ.

‘ಅವರಿಗೆ ಹೇಳಿದೀರಾ?’

‘ಅವರಿಗೆ ಗೊತ್ತು. ಅದರ ಬಗ್ಗೆ ನಾವು ಮಾತಾಡಲ್ಲ.’ ಮಡಚಿದ ನ್ಯಾಪ್ಕಿನ್ನನ್ನು ಮತ್ತೆ ಬಿಡಿಸಿದರು. ‘ಹತ್ತು ವರ್ಷ ನಿಮ್ಮ ಮೇಲೆ ಹೊರಿಸಿದ್ದೆ. ಹೊತ್ತು ನಿಮಗೂ ಸಾಕಾಗಿರಬೇಕು. ನನಗೂ ಸಾಕಾಯ್ತು.’

ನಾನು ಸೊಪ್ಪು ತಿಂದೆ. ಉಪ್ಪು ಸ್ವಲ್ಪ ಮುಂದಾಗಿತ್ತು, ಚೆನ್ನಾಗಿತ್ತು. ಎದುರಿಗೆ ಯಾವುದೋ ಕಾಲೇಜಿನ ಬ್ಯಾಂಡು ಮೈದಾನ ತುಂಬ ಹರಡಿಕೊಂಡಿತ್ತು. ಆಕೆ ಥಟ್ಟನೆ ಎದ್ದು ನಿಂತು ಟೀವಿಯ ಕಡೆ ‘ಮೇಲೆ! ಮೇಲೆ!’ ಅಂತ ಕೂಗಿದರು. ಕೂಗಿ, ನನ್ನ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದರು. ಇಬ್ಬರಿಗೂ ನಗು ಬಂತು. ನಗುವಾಗ ನನ್ನ ಸೊಂಟ ಚಳಕ್ ಅಂತು.

ಸಂಜೆ ಅವರಿಬ್ಬರನ್ನೂ ಸ್ಟೇಷನ್ನಿಗೆ ಬಿಟ್ಟೆ. ರೈಲು ತಡವಾಗಿತ್ತು. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತೆವು. ಅವರು ಕಾಲು ಚಾಚಿಕೊಂಡು, ಆಕೆ ಚಪ್ಪಲಿ ಬಿಚ್ಚಿಕೊಂಡು, ನಾನು ಬೆನ್ನಿಗೆ ಪರ್ಸ್ ಒತ್ತಿಕೊಂಡು. ರೈಲು ಬಂದಾಗ ಆಕೆ ಮೊದಲು ಹತ್ತಿ ಅವರಿಗೆ ಕೈ ಕೊಟ್ಟರು. ಅವರು ಬಲಗಾಲು ಮುಂದಿಟ್ಟು, ಎಡಗಾಲನ್ನು ಎಳೆದುಕೊಂಡು ಹತ್ತಿದರು. ನಾನು ಮನೆಗೆ ಬಂದಾಗ ಯಜಮಾನರು ಅನ್ನಕ್ಕೆ ಇಟ್ಟಿದ್ದರು. ‘ಹೇಗಿದ್ರು?’ ಅಂತ ಕೇಳಿದರು. ‘ಚೆನ್ನಾಗಿದ್ರು,’ ಅಂದೆ. ನಡುಮನೆಯ ಕಾರ್ಪೆಟ್ಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಮಲಗಿದವಳಿಗೆ ಊಟಕ್ಕೆ ಎಬ್ಬಿಸುವ ತನಕ ಎಚ್ಚರವಿರಲಿಲ್ಲ.